ಲಗಮಪ್ಪನ ಬ್ಯಾಂಡಿನವರು ಜಾಝ್ ಕೇಳಿದ್ದು

ಆಷಾಢದಲ್ಲಿ ಮದುವೆಗಳಿಲ್ಲ. ಅಂಕಲಿಯ ಬ್ಯಾಂಡ್ ಮಾಸ್ತರ ಲಗಮಪ್ಪ ಮತ್ತು ಅವನ ಮಗ ಸಂಗ್ರಾಮ ಆ ಬಿಡುವಿನಲ್ಲಿ ಪಾಡ್‌ಕಾಸ್ಟ್ ಶುರುಮಾಡಿದ್ದರು. ವಾರಕ್ಕೊಂದು ಜಾಝ್ ಆಲ್ಬಮ್ ಕೇಳುವುದು, ಮದುವೆಯ ಮೆರವಣಿಗೆಗೆ ಅದು ಒಗ್ಗುತ್ತದೋ ಇಲ್ಲವೋ ಎಂದು ತೂಗಿ ನೋಡುವುದು. ಕಳೆದ ವಾರದ ಆಲ್ಬಮ್ಮಿಗೆ ಲಗಮಪ್ಪ ಕೊಟ್ಟ ತೀರ್ಪು: "ಇದಕ್ಕ ಮದುಮಗನ ಕುದುರಿ ನಿಂತಲ್ಲೇ ಮಲಗತೈತಿ."

ಮೊಬೈಲಿನಲ್ಲಿ ರೆಕಾರ್ಡ್ ಮಾಡುವವಳು ಸೊಸೆ ಸಪನಾ. ರಾಯಬಾಗದ ತವರಿನಲ್ಲಿ ಅವಳ ಅಪ್ಪನದೂ ಬ್ಯಾಂಡ್ ಇತ್ತು. ಸ್ಯಾಕ್ಸೊಫೋನ್ ಊದುವುದನ್ನು ಅಲ್ಲೇ ಕಲಿತಿದ್ದಳು. ಈ ಮನೆಯಲ್ಲಿ ಗಂಡ ಊದುವ ಸ್ಯಾಕ್ಸೊಫೋನನ್ನು ಒರೆಸಿ ಇಡುವುದಷ್ಟೇ ಅವಳ ಪಾಲಿಗೆ ಬಂದಿತ್ತು. ಊದಬೇಡ ಎಂದು ಯಾರೂ ಹೇಳಿರಲಿಲ್ಲ. ಊದು ಎಂದೂ ಹೇಳಿರಲಿಲ್ಲ. ಬೇಡ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಒಂದು ಸಲ ಈ ಮನೆಯವರು ತಾನು ಊದಿದ್ದನ್ನು ಕೇಳಬೇಕು, ಇಷ್ಟೇ ಅವಳ ಆಸೆ.

ಆ ದಿನದ ಆಲ್ಬಮ್ ಮುಗಿಯಿತು. ಲಗಮಪ್ಪ ಮೊಬೈಲಿನತ್ತ ಬಾಗಿದ.

"ಒಬ್ಬಾಂವ ಊದಾಕತ್ತಾನ, ಉಳದ ಊದಾವ್ರೆಲ್ಲಾ ಸುಮ್ಮ ನಿಂತಾರ. ನಾವು ಹಿಂಗ ನಿಂತ್ರ ಬೀಗರು ಬಿಡತಾರೇನ್ರಿ?"

"ಚಾ ಕುಡಿಯಾಕ ಹೋಗಿರಬೇಕು ಬಿಡಪಾ," ಎಂದ ಸಂಗ್ರಾಮ.

"ಹೋಗಿಲ್ರಿ," ಎಂದಳು ಸಪನಾ. "ಅಲ್ಲೇ ಅದಾರ. ಅವಂದು ಕೇಳಾಕತ್ತಾರ."

"ಅಲ್ಲವ್ವಾ, ಕೇಳಾಕ ಮಂದಿ ಅದಾರಲ್ಲ!" ಎಂದ ಮಾವ.

"ಬಾಯಿಲೆ ಹೇಳಿದ್ರ ತಿಳಿಯೂದಿಲ್ರಿ ಮಾವಾರ." ಅವಳು ಮೊಬೈಲನ್ನು ಡ್ರಮ್ಮಿನ ಮೇಲಿಟ್ಟು, ಗಂಡನ ಕೊರಳಿನಿಂದ ಸ್ಯಾಕ್ಸೊಫೋನಿನ ಪಟ್ಟಿ ಬಿಡಿಸಿಕೊಂಡಳು.

"ಏ, ರೆಕಾರ್ಡ್ ನಡದೈತಿ!" ಎಂದ ಸಂಗ್ರಾಮ.

"ನಡೀಲ್ರಿ."

ಮೊದಲ ಸ್ವರ ಒಡೆಯಿತು. ಎರಡನೆಯದು ನೆಟ್ಟಗೆ ನಿಂತಿತು. ಆಮೇಲೆ ಆಲ್ಬಮ್ಮಿನ ಧಾಟಿಯನ್ನೇ ಹಿಡಿದು ತನಗೆ ಬೇಕಾದ ಕಡೆ ಹೊರಳಿಸಿದಳು. ಒಂದು ಸಾಲು ಮುಗಿದದ್ದೇ ತಡ, ಲಗಮಪ್ಪನ ಟ್ರಂಪೆಟ್ ಭೋರೆಂದು ನಡುವೆ ನುಗ್ಗಿತು. ಒಬ್ಬರು ಎತ್ತಿದ್ದನ್ನು ಎಲ್ಲರೂ ಕೂಡಿ ಊದುವುದು ಬ್ಯಾಂಡಿನ ರೂಢಿ. ಅವನ ಕೈ ಅವನನ್ನು ಕೇಳಿರಲೇ ಇಲ್ಲ.

ಸಪನಾ ನಿಲ್ಲಿಸಿದಳು. "ಮಾವಾರ, ನಂದು ಇನ್ನಾ ಮುಗದಿಲ್ರಿ."

ಇಂಥ ಮಾತನ್ನು ಆ ಮನೆಯಲ್ಲಿ ಅವಳು ಎಂದೂ ಆಡಿರಲಿಲ್ಲ. ಆಡಿದವಳೇ ಸ್ಯಾಕ್ಸೊಫೋನನ್ನು ಮತ್ತೆ ತುಟಿಗಿಟ್ಟಳು. ಲಗಮಪ್ಪ ಟ್ರಂಪೆಟ್ ಕೆಳಗಿಟ್ಟ. ಕೆನ್ನೆ ತಾನಾಗಿ ಉಬ್ಬುತ್ತಿತ್ತು. ಎರಡೂ ಕೈಗಳನ್ನು ತೊಡೆಯಡಿ ಒತ್ತಿ ಕೂತ.

ಸಂಗ್ರಾಮ ಮೊಬೈಲಿನತ್ತ ಬಾಗಿದ. "ಕೇಳಾವ್ರಿಗೆ ಒಂದು ಮಾತ್ರಿ, ಈಗ ಊದಾಕತ್ತಾಕಿ ನಮ್ಮ..."

"ಸುಮ್ಮನಿರಲೇ!" ಲಗಮಪ್ಪ ಪಿಸುದನಿಯಲ್ಲೇ ಗದರಿದ. "ಕೇಳಾಕ ಬಿಡು."

ಮುಗಿಸಲಿದ್ದ ಸಪನಾ ಇನ್ನೊಂದು ಸುತ್ತು ಎತ್ತಿಕೊಂಡಳು.