ರಿಕುಲಾಳ ಮಗ

2007ರ ನವೆಂಬರ್ 16, ಶುಕ್ರವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ, ಗಲ್ಫಿನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಫ್ಲ್ಯಾಟಿನಲ್ಲಿ ಶರ್ಮಿಳಾ ತನ್ನ ಗಂಡನ ವಂಶದ ಮೂಲಪುರುಷನನ್ನು ಮೊದಲ ಸಲ ನೋಡಿದಳು. ಹೆಸರು ಚಂದ್ರಸೇನ ಅರಸು. ಹಾಲಿನ ನೆಲದ ಮೇಲೆ ಹಾಸಿದ್ದ ಚಾರ್ಟಿನ ನೆತ್ತಿಯಲ್ಲಿ, ಬಂಗಾರದ ಬಣ್ಣದ ಸ್ಕೆಚ್ ಪೆನ್ನಿನಲ್ಲಿ, ಕಿರೀಟ ಸಮೇತ ಕುಳಿತಿದ್ದ.

ಮಗಳು ಅಶ್ವಿತಾಳ ಏಳನೇ ತರಗತಿಯಲ್ಲಿ ಪ್ರತಿ ಮಗುವೂ ಇಂಗ್ಲೆಂಡಿನ ಒಬ್ಬ ಹಳೆಯ ರಾಜನ ವಂಶವೃಕ್ಷವನ್ನೂ ಪಕ್ಕದಲ್ಲಿ ತನ್ನದನ್ನೂ ಬರೆದು, ಭಾನುವಾರ ತಂದೆತಾಯಿಗಳೆದುರು ನಿಂತು ವಿವರಿಸಬೇಕಿತ್ತು. ಅವಳ ಪಾಲಿಗೆ ಬಂದವನು ಏಳನೇ ಶತಮಾನದ ಪೂರ್ವ ಸ್ಯಾಕ್ಸನರ ರಾಜ ಸೇಬರ್ಟ್. ಅವನ ಹಾಳೆಯನ್ನು ಶರ್ಮಿಳಾಳೇ ಜೊತೆಗೆ ಕೂತು ಮಾಡಿಸಿದ್ದಳು. ಅಪ್ಪ ಸ್ಲೆಡ್, ಅವನಪ್ಪ ಆಸ್ಕ್‌ವಿನ್, ಹೀಗೆ ಗಂಡಸರನ್ನೇ ಹಿಡಿದು ಹತ್ತಿದರೆ ತುದಿಯಲ್ಲಿ ಸ್ಯಾಕ್ಸನರ ದೇವರು. ಆದರೆ ತಾಯಿ ರಿಕುಲಾ ಕೆಂಟಿನ ಬಲಾಢ್ಯ ರಾಜ ಎಥೆಲ್‌ಬರ್ಟನ ಒಡಹುಟ್ಟಿದವಳು. ಆ ಸೋದರಮಾವನ ನೆರಳಿನಲ್ಲೇ ಸೇಬರ್ಟ್ ಆಳಿದ್ದು. ಅವನ ಲಂಡನ್ನಿನಲ್ಲಿ ಇಗರ್ಜಿ ಕಟ್ಟಿಸಿದ್ದೂ ಮಾವನೇ. ಅದನ್ನು ಓದಿದಾಗ ಶರ್ಮಿಳಾಗೆ ಊರಿನವರು ಯಾರೋ ಸಿಕ್ಕಷ್ಟು ಖುಷಿಯಾಗಿತ್ತು. ತಮ್ಮ ತುಳು ಮನೆಗಳಲ್ಲೂ ಕುಲ, ಅಂದರೆ ಬರಿ, ಇಳಿಯುವುದು ತಾಯಿಯಿಂದ; ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ.

ತಮ್ಮ ಮನೆಯ ಹಾಳೆಯನ್ನು ಮಾತ್ರ ಗಂಡ ಯಜ್ಞೇಶ್ ತಾನಾಗಿಯೇ ವಹಿಸಿಕೊಂಡಿದ್ದ. ಅವನ ಕಂಪನಿಯ ಮ್ಯಾನೇಜರನ ಮಗನೂ ಅದೇ ತರಗತಿ.

"ವೀರಸೇನ, ಜಯಕೇಸರಿ. ಇವರೆಲ್ಲ ಯಾರು?" ಶರ್ಮಿಳಾ ಕೇಳಿದಳು.

"ನಮ್ಮ ಹಿರಿಯರು."

"ನಿಮ್ಮ ಅಜ್ಜ ತನಿಯ. ಅವರ ಅಪ್ಪ ಯಾರು, ಹೇಳಿ ನೋಡುವ."

ಯಜ್ಞೇಶ್ ಟಿವಿಯ ಕಡೆ ತಿರುಗಿದ. "ಅದು ಯಾರಿಗೆ ಗೊತ್ತುಂಟು ಮಾರಾಯ್ತಿ. ನಮ್ಮಲ್ಲಿ ಅಪ್ಪನ ಕಡೆಯದ್ದು ಯಾರು ನೆನಪಿಟ್ಟಿದ್ದಾರೆ?"

"ಹಾಗಾದರೆ ಇದೆಂತದು?"

"ಟೀಚರ್ ಅಪ್ಪನ ಸಾಲು ಕೇಳಿದ್ದು. ಆ ಸೇಬರ್ಟ್ ದೇವರವರೆಗೆ ಹತ್ತಿದ್ದಾನೆ. ನಾನು ಅರಸುವಿನಲ್ಲೇ ನಿಲ್ಲಿಸಿದ್ದೇನಲ್ಲ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಈಗ ಕಿವಿಯವರೆಗೆ ಬಿಸಿಯೇರಿತು. ಮದುವೆಗೆ ಮುಂಚೆ ಮಂಗಳೂರಿನಲ್ಲಿ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದವಳು; ತೆಗೆಯದ ರೀಡಿಂಗನ್ನು ಬರೆದವನನ್ನು ಅಲ್ಲಿ ಮಾರನೆಯ ದಿನ ಒಳಗೆ ಬಿಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚು ಸುಟ್ಟದ್ದು ಬೇರೆ. ಗಂಡಸರೇ ತುಂಬಿದ್ದ ಆ ಮರದಲ್ಲಿ ಅಶ್ವಿತಾ ಯಾವ ಹೆಂಗಸಿನ ಹೊಟ್ಟೆಯಿಂದಲೂ ಹುಟ್ಟಿರಲಿಲ್ಲ.

"ಸಾವಿರದ ನಾನೂರು ವರ್ಷದ ಹಿಂದಿನ ರಾಜನ ತಾಯಿಯ ಹೆಸರನ್ನು ಒಬ್ಬ ಸನ್ಯಾಸಿ ಬರೆದಿಟ್ಟಿದ್ದಾನೆ. ನಾನು ಇಲ್ಲೇ ನಿಂತಿದ್ದೇನೆ. ನನ್ನನ್ನು ಎಲ್ಲಿ ಹಾಕಿದ್ದೀರಿ?"

"ಇಷ್ಟಕ್ಕೆಲ್ಲ ಕೋರ್ಟು ಮಾಡ್ಬೇಡ. ಮಗು ಬಾಯಿಪಾಠ ಮಾಡಿಯಾಗಿದೆ. ಖಲಾಸ್."

"ಜಯಕೇಸರಿ ಕೂಲ್ ಇದ್ದಾರೆ ಮಮ್ಮಿ," ಎಂದಳು ಅಶ್ವಿತಾ. "ಟೈಗರ್ ಕೊಂದದ್ದು. ಪಪ್ಪ ಹೇಳಿದ್ರು."

ಶರ್ಮಿಳಾ ಕಾರ್ಕಳದಲ್ಲಿದ್ದ ತನ್ನ ತಾಯಿ ಪ್ರೇಮಾವತಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು.

"ಅಮ್ಮ, ನಿನ್ನ ಅಮ್ಮ ಲಚ್ಚು. ಅವರ ಅಮ್ಮನ ಹೆಸರೆಂತ?"

"ಎಂತಕ್ಕೆ? ಯಾರಿಗಾದರೂ ಹುಷಾರಿಲ್ವಾ?" ಪ್ರೇಮಾವತಿಯ ದನಿಯಲ್ಲಿ ಗಾಬರಿ. "ಪೂವು. ಪೂವಜ್ಜಿಯ ಅಮ್ಮ ತುಕ್ರು. ಬಾಯಿ ಜೋರು ಅವಳದ್ದು. ಪಟೇಲ ಕೂಡ ಅಂಗಳಕ್ಕೆ ಕೆಮ್ಮಿಯೇ ಬರ್ತಿದ್ದನಂತೆ."

"ಅದರ ಮೇಲೆ?"

"ಮೇಲೆ ನನಗೆ ಗೊತ್ತಿಲ್ಲ ಮಗಾ. ಗೊತ್ತಿಲ್ಲದ್ದನ್ನು ಹೇಳ್ಲಿಕ್ಕೆ ಆಗ್ತದಾ?"

ಫೋನಿಟ್ಟು ಗಂಡನನ್ನು ನೋಡಿದಳು. "ಕೇಳಿತಲ್ಲ?"

"ಕೇಳಿತು. ಬೀಡಿ ಕಟ್ಟಿದ ಹೆಂಗಸರ ಹೆಸರನ್ನು ಮ್ಯಾನೇಜರ್ ಎದುರು ಓದ್ಲಿ. ಸೋಮವಾರ ಆಫೀಸಿನಲ್ಲಿ ಮುಖ ತೋರಿಸ್ಬೇಕಾದವ ನಾನು, ನೀನಲ್ಲ."

"ಆಫೀಸಿಗೆ ಹೋಗುವವಳು ನಾನೂ ಆಗಿದ್ದೆ. ಬಿಡಿಸಿದ್ದು ಯಾರು?"

"ಸ್ಟಾಪ್," ಎಂದಳು ಅಶ್ವಿತಾ. "ಅಲ್ಲಿ ನಿಲ್ಲುದು ನಾನು. ಟೈಗರ್ ಎಲ್ಲಿ ಕೊಂದದ್ದು ಅಂತ ಕೇಳಿದ್ರೆ ನಾನೆಂತ ಹೇಳುದು? ಪಪ್ಪ, ತನಿಯ ನಿಜವಾ?"

ಯಜ್ಞೇಶ್ ಟಿವಿ ಆರಿಸಿದ. "ನಿಜ. ಅವರ ಹೆಗಲ ಮೇಲೆ ಕೂತವ ನಾನು."

ಹುಡುಗಿ ಕತ್ತರಿ ತಂದು ತನಿಯನ ಮೇಲಿದ್ದವರನ್ನೆಲ್ಲ ಒಂದೇ ಏಟಿಗೆ ಕತ್ತರಿಸಿದಳು. ಉಳಿದ ಹಾಳೆಯಲ್ಲಿ ಅಪ್ಪನ ಸಾಲಿನ ಪಕ್ಕಕ್ಕೆ ತುಕ್ರು, ಪೂವು, ಲಚ್ಚು, ಪ್ರೇಮಾವತಿ, ಶರ್ಮಿಳಾ ಎಂದು ಒತ್ತಿ ಬರೆದಳು. ಎರಡೂ ಸಾಲುಗಳ ಕೆಳಗೆ ತನ್ನ ಹೆಸರು. ಎರಡರ ಮೇಲೂ, ಇಲ್ಲಿಂದ ಮುಂದೆ ಗೊತ್ತಿಲ್ಲ ಎಂಬ ಒಂದೊಂದು ಗೆರೆ.

"ಒಬ್ಬ ತನಿಯನ ಹೆಸರು ಹಿಡಿದುಕೊಂಡು ನಾನು ಸ್ಕೂಲಿಗೆ ಬರುವುದಿಲ್ಲ," ಎಂದು ಯಜ್ಞೇಶ್ ಕಾರಿನ ಕೀ ತೆಗೆದುಕೊಂಡು ಹೊರಟ. ಬಾಗಿಲು ಬಡಿದ ಸದ್ದು ಪಕ್ಕದ ಫ್ಲ್ಯಾಟಿಗೂ ಕೇಳಿಸಿರಬೇಕು.

ಶರ್ಮಿಳಾಳ ಸಿಟ್ಟು ಇಳಿದಿರಲಿಲ್ಲ. ತನ್ನ ಬದಿಯೊಂದೇ ಇರಬೇಕಿತ್ತು ಎಂದು ಹೇಳಲು ಬಾಯಿ ತೆರೆದಳು. ಮಗಳ ಮುಖ ನೋಡಿ, ಹೇಳದೆ ನೆಲದ ಮೇಲಿದ್ದ ಕತ್ತರಿಸಿದ ತುಂಡನ್ನು ಎತ್ತಿದಳು. ಬೋರ್ಡಿನಲ್ಲಿ ಜಾಗ ಬಿಡಲು ಟೀಚರ್ ಅಳತೆ ಕೇಳಿದ್ದರು. ಅಶ್ವಿತಾ ಸ್ಕೇಲಿಟ್ಟು ನೋಡಿ, ಬಂದ ರೀಡಿಂಗನ್ನೇ ಬರೆದುಕೊಂಡಳು. ಅರಸರಿಲ್ಲದ ಹಾಳೆಯ ಎತ್ತರ ನಲವತ್ತೊಂದು ಸೆಂಟಿಮೀಟರ್.