ಬೀಗರಿಗೆ ಬೀರು, ಪೆಟ್ಟಿಗೆಗೆ ಬೀಗ

ತಂಗಿ ಅರ್ಪಿತಳ ಮದುವೆ ಒಪ್ಪಂದದ ದಿನ ಆದ ಅವಮಾನವನ್ನು ಚಲುವರಾಜು ಮರೆತಿರಲಿಲ್ಲ. ಮರೆಯೋಣವೆಂದರೆ ಹಿತ್ತಲಲ್ಲಿ ಎಮ್ಮೆಯೊಂದು ದಿನಾ ಕಣ್ಣಿಗೆ ಬೀಳುತ್ತಿತ್ತು.

ಅವತ್ತು ಹೊಣಕೆರೆಯಿಂದ ಬಂದಿದ್ದ ಗಂಡಿನ ದೊಡ್ಡಪ್ಪ ನರಸಯ್ಯನವರಿಗೆ ಚಲುವರಾಜು ತಾನೇ ಮನೆಯಲ್ಲಿ ಹುದುಗು ಹಾಕಿ ಇಳಿಸಿದ ರಾಗಿ ಬೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಿದ್ದ. ನರಸಯ್ಯ ಒಂದು ಗುಟುಕು ಕುಡಿದು, ಬಾಯಲ್ಲಿ ಆಡಿಸಿ, ಎದ್ದು ನೆಟ್ಟಗೆ ಹಿತ್ತಲಿಗೆ ನಡೆದರು. ಉಳಿದದ್ದನ್ನು ಎಮ್ಮೆಯ ಬಾನಿಗೆ ಸುರಿದು, "ತಗಳವ್ವಾ, ನಿನ್ ಕಲಗಚ್ಚು ತಪ್ಪಿ ನಮ್ ಲೋಟಕ್ ಬಂದ್ಬುಟ್ಟದೆ" ಎಂದರು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಬೀಗರು ನಕ್ಕಿದ್ದಕ್ಕಿಂತ ಎಮ್ಮೆ ಮುಖ ತಿರುಗಿಸಿದ್ದು ಚಲುವರಾಜುವಿಗೆ ಹೆಚ್ಚು ನೋವು ಕೊಟ್ಟಿತು.

ರುಚಿಯಲ್ಲಿ ಕೊರತೆಯಿರಲಿಲ್ಲ. ಕೆ.ಆರ್. ಪೇಟೆ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ಅಲ್ಲೇ ಬಸ್ ಸ್ಟ್ಯಾಂಡ್ ಎದುರು ಬೇಕರಿ ಇಟ್ಟವನಿಗೆ ಹುದುಗಿನ ಗುಣ ಗೊತ್ತಿಲ್ಲವೇ? ಕೊರತೆ ಇದ್ದದ್ದು ತಂಪಿನಲ್ಲಿ. ಏಪ್ರಿಲ್ ಬಿಸಿಲಲ್ಲಿ ಬೀರು ಕಾಯಿಸಿ ಆರಿಸಿದ ಕಷಾಯದ ಹಾಗಾಗಿತ್ತು. ಮದುವೆ ಮುಗಿದ ಮೇಲೆ ಇದೇ ಅಂಗಳದಲ್ಲಿ ಬೀಗರೂಟ. ಇದೇ ನರಸಯ್ಯ ಬರುತ್ತಾರೆ. ಅವರ ಬಾಯಿಂದ 'ಇನ್ನೊಂದ್ ಲೋಟ ಬುಡು' ಅನ್ನಿಸದಿದ್ದರೆ ಹೊಣಕೆರೆಯಲ್ಲಿ ತನ್ನ ತಂಗಿ 'ಕಲಗಚ್ಚಿನೋರ ಮನೆ ಹೆಣ್ಣು' ಆಗಿಯೇ ಬಾಳಬೇಕು.

ಮನೆಯ ಫ್ರಿಜ್ಜಿನಲ್ಲಿ ಹಾಲು, ಮೊಸರು, ದೋಸೆ ಹಿಟ್ಟುಗಳ ಸಮ್ಮಿಶ್ರ ಸರ್ಕಾರವಿತ್ತು. ಒಂದು ಬಾಟಲಿಗೂ ಸೀಟಿರಲಿಲ್ಲ. ಆದರೆ ಮುಂದಿನ ಜಗುಲಿಯ ಮೇಲೊಂದು ದೊಡ್ಡ ಪೆಟ್ಟಿಗೆ ಕೂತಿತ್ತು: ಬೇಕರಿಯಲ್ಲಿ ಕೆಟ್ಟುಹೋದ ಐಸ್‌ಕ್ರೀಮ್ ಫ್ರೀಜರು. ರಿಪೇರಿಯವನು "ಗುಜರಿಗಾಕಿ ಸಾರ್" ಎಂದು ಕೈ ಒರೆಸಿಕೊಂಡಿದ್ದ. ಟ್ರಾಕ್ಟರಿನಲ್ಲಿ ಮನೆಗೆ ಬಂದ ಆ ಪೆಟ್ಟಿಗೆಯನ್ನು ಅವ್ವ ಚಿಕ್ಕಬೋರಮ್ಮ ಒಮ್ಮೆ ತಟ್ಟಿ, ಮುಚ್ಚಳ ಎತ್ತಿ ಇಳಿಸಿ, "ಇಲಿ ಬರಕ್ಕಿಲ್ಲ" ಎಂದು ತೀರ್ಪು ಕೊಟ್ಟು, ವರ್ಷದ ರಾಗಿಯನ್ನೆಲ್ಲ ಅದರೊಳಗೆ ಸುರಿದಿದ್ದಳು.

"ಅವ್ವಾ, ಪೆಟ್ಟಿಗೆ ಖಾಲಿ ಮಾಡ್ಬೇಕು. ಬೀರಿಗೆ ಬೇಕು."

"ನನ್ ಸೀರೆ ಬೀರು ಅದ್ಯಲ್ಲ, ಅದ್ರಲ್ಲೇ ಮಡಗು."

"ಕುಡಿಯೋ ಬೀರು ಕಣವ್ವ."

"ಗೊತ್ತು ಬುಡ್ಲಾ. ನಿನ್ ಕಲಗಚ್ಚಿಗೆ ನನ್ ರಾಗಿನ ಬೀದಿಗ್ ಎಳೀಬೇಕಾ?"

ಚಲುವರಾಜು ಕೊನೆಯ ಅಸ್ತ್ರ ಬಿಟ್ಟ. ಗಂಟಲು ಕೆರೆದು, ನರಸಯ್ಯನವರ ಮೂಗಿನ ದನಿಯನ್ನೇ ತಂದುಕೊಂಡು, "ನಿಮ್ ಶೀಳನೆರೆ ಕಡೆ ರಾಗಿನೇ ಇಷ್ಟು ಕಣಪ್ಪಾ, ಎಮ್ಮೆನೂ ಮೂಸಕ್ಕಿಲ್ಲ" ಎಂದ.

ಚಿಕ್ಕಬೋರಮ್ಮನ ಮುಖ ಕೆಂಪಾಯಿತು. ಆ ಬೀರಿಗೆ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಕೊಟ್ಟವಳು ಅವಳೇ. "ಅಂಗಂದ್ರಾ ಆ ಮುದುಕ? ರಾಗಿನ ಅಂದ್ರಾ?"

"ಅನ್ಲಿಲ್ಲ. ಮುಂದ್ಕೆ ಅಂತಾರೆ."

"ಡ್ರಮ್ ತಂದ್ಕೊಡು. ಮುಚ್ಚಳ ಬಿಗಿ ಇರ್ಬೇಕು. ರಾಗಿ ನೀನೇ ಹೊರ್ಬೇಕು."

ಹೊತ್ತ. ಬೆನ್ನು ಮುರಿಯುವಷ್ಟು ಹೊತ್ತು ಪೆಟ್ಟಿಗೆ ಖಾಲಿ ಮಾಡಿ, ತೊಳೆದು, ಪ್ಲಗ್ ಹಾಕಿ ನೋಡಿದರೆ ಮೋಟರು ಸತ್ತಿರಲಿಲ್ಲ, ಗ್ಯಾಸೂ ಇತ್ತು. ಎಷ್ಟು ತಣ್ಣಗಾದಾಗ ನಿಲ್ಲಬೇಕೆಂದು ಹೇಳುವ ಥರ್ಮೋಸ್ಟ್ಯಾಟ್ ಮಾತ್ರ ಹೋಗಿತ್ತು. ಪೆಟ್ಟಿಗೆ ಶುರುವಾದರೆ ಮೈಕ್ ಸಿಕ್ಕ ಭಾಷಣಕಾರನಂತೆ, ನಿಲ್ಲುವ ಮಾತೇ ಇಲ್ಲ.

ಶೀಳನೆರೆಯಲ್ಲಿ ರೇಷ್ಮೆ ಹುಳು ಸಾಕುವ ಗೆಳೆಯ ಚೌಡಯ್ಯನ ಮನೆಯಲ್ಲಿ ಹುಳದ ಕೋಣೆಯ ಹೀಟರನ್ನು ತಾನಾಗಿಯೇ ಹಾಕಿ ಆರಿಸುವ ಒಂದು ಸಣ್ಣ ಡಬ್ಬಿಯಿತ್ತು. ತಂತಿಯ ತುದಿಯ ಗುಂಡಿಗೆ ಎಷ್ಟು ಬಿಸಿ ತಾಕಿತೋ ನೋಡಿಕೊಂಡು ಕರೆಂಟು ಕೊಡುವ, ಕೀಳುವ ಡಬ್ಬಿ. ಹೊಸದು ತಂದಿದ್ದ ಚೌಡಯ್ಯ ಹಳೆಯದನ್ನು ಕೊಟ್ಟ. "ಹುಳ ಬೆಚ್ಚಗೆ ಮಡಗಿದ್ದು ಕಣ್ಲಾ ಇದು. ನಿನ್ ಹುಳಿ ಬೀರ್ನ ತಣ್ಣಗೆ ಮಡಗ್ತದಾ?"

"ತಿರುಗಿಸಿ ಹೇಳಿದ್ರೆ ಮಡಗ್ತದೆ" ಎಂದ ಚಲುವರಾಜು, ಪೆಟ್ಟಿಗೆಯ ವಯರನ್ನು ಆ ಡಬ್ಬಿಗೆ ಸಿಕ್ಕಿಸಿ, ಬಿಸಿಯ ಸೆಟ್ಟಿಂಗನ್ನು ತಂಪಿಗೆ ತಿರುಗಿಸಿದ.

ಮೊದಲ ಸಲ ಗುಂಡಿಯನ್ನು ಮುಚ್ಚಳದ ಬಾಯಲ್ಲೇ ತೂಗುಬಿಟ್ಟದ್ದು ತಪ್ಪಾಯಿತು. ಮೇಲಿನ ಗಾಳಿ ತಂಪಾಗುವಷ್ಟರಲ್ಲಿ ತಳದ ಬಾಟಲಿಗಳು ಕಲ್ಲಾಗಿ, ಡಬ್ ಡಬ್ ಎಂದು ಒಡೆದವು. ಪಕ್ಕದ ಮನೆಯ ಅಣ್ಣಮ್ಮ ಓಡಿ ಬಂದು, "ಯಾರ್ ಗೆದ್ರವ್ವಾ ಎಲೆಕ್ಷನ್ನು?" ಎಂದಳು. ಚಲುವರಾಜು ಗಾಜು ಬಳಿದು ಹಾಕಿ ಯೋಚಿಸಿದ. ಕಾಯಬೇಕಾದ್ದು ಗಾಳಿಯನ್ನಲ್ಲ, ಬಾಟಲಿಯೊಳಗಿರುವುದನ್ನು. ಒಂದು ಬಾಟಲಿಗೆ ನೀರು ತುಂಬಿ, ಗುಂಡಿಯನ್ನು ಅದರಲ್ಲಿ ಮುಳುಗಿಸಿ, ಬೀರಿನ ಬಾಟಲಿಗಳ ನಡುವೆ ನಿಲ್ಲಿಸಿದ.

ಗುರ್ರ್ ಎಂದು ಶುರುವಾದ ಪೆಟ್ಟಿಗೆ ಬಹಳ ಹೊತ್ತಿನ ಮೇಲೆ 'ಟಕ್' ಎಂದು ತಾನಾಗಿ ನಿಂತಿತು. ಆ 'ಟಕ್' ಕೇಳಿ ಚಲುವರಾಜುವಿನ ಎದೆ ಉಬ್ಬಿತು. ಊಟಕ್ಕೆ ಕೂತಾಗ, ಹಾಲು ಕರೆಯುವಾಗ, ಬೇಕರಿಯಲ್ಲಿ ಬನ್ನು ಕೊಡುವಾಗ ನಾಲಿಗೆಯಲ್ಲಿ 'ಟಕ್' ಅನ್ನುತ್ತಿದ್ದ. ಅವ್ವ ಎಷ್ಟೋ ಸಲ ಅಡುಗೆಮನೆಯಿಂದಲೇ, "ಈಗ ನಿಂತಿದ್ದು ಪೆಟ್ಟಿಗೆನೋ ನೀನೋ?" ಎಂದು ಕೇಳುತ್ತಿದ್ದಳು.

ಬೀಗರೂಟದ ದಿನ ಬೆಳಿಗ್ಗೆಯೇ ಲೈನ್ ಕೆಲಸವೆಂದು ಕರೆಂಟು ಹೋಯಿತು. ಚಲುವರಾಜು ಹೆದರಲಿಲ್ಲ, ಮುಚ್ಚಳ ತೆಗೆಯದಿದ್ದರೆ ಪೆಟ್ಟಿಗೆ ಸಂಜೆಯವರೆಗೂ ತಂಪು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ನೆಂಟರು ಬಿಡಬೇಕಲ್ಲ. ಚಿಕ್ಕಪ್ಪ ಕುಳ್ಳಯ್ಯ ಬಂದ, ಮುಚ್ಚಳ ಎತ್ತಿ ನೋಡಿ, "ಪರ್ವಾಗಿಲ್ಲ ಕಣ್ಲಾ" ಎಂದು ಹೋದ. ಮತ್ತೆ ಬಂದು ತನ್ನ ಭಾವಮೈದನಿಗೆ ತೋರಿಸಿದ. ಮೂರನೆಯ ಸಲ ಕೈ ತಣ್ಣಗೆ ಮಾಡಿಕೊಳ್ಳಲು ಬಂದ. ಚಲುವರಾಜು ಅವನ ಕೈ ಹೊರಗೆಳೆದು, ಮುಚ್ಚಳ ಅಮುಕಿ, ಪೆಟ್ಟಿಗೆಯದೇ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ.

ಒಂದು ಗಂಟೆಗೆ ಬರಬೇಕಾದ ಬೀಗರು, ಬೀಗರ ವಾಡಿಕೆಯಂತೆ, ಮೂರಾದ ಮೇಲೆ ಬಂದರು. ಶಾಮಿಯಾನದ ಕೆಳಗೆ ಎಲೆ ಹಾಕಿ, ಮುದ್ದೆ ಇಟ್ಟು, ಬೋಟಿ ಗೊಜ್ಜು ಬಡಿಸಿದ್ದೇ ತಡ, ನರಸಯ್ಯನವರ ಕಣ್ಣು ಜಗುಲಿಯ ಮೇಲಿನ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಬೀಗಕ್ಕೆ ಹೋಯಿತು. ಮುದ್ದೆ ಮುರಿಯಹೊರಟ ಕೈ ನಿಂತಿತು.

"ಏನಪ್ಪಾ ಚಲುವ್ರಾಜು, ಬೀಗ್ರು ಬರೋ ದಿನ ಬೀಗ ಆಕ್ತೀರಾ? ನಾವೇನ್ ಕದ್ಕುಡಿಯೋರಾ?"

ಸಾಲಿನಲ್ಲಿ ಕೂತವರೆಲ್ಲ ಬೀಗದತ್ತ ತಿರುಗಿದರು. "ಏಳ್ರಪ್ಪಾ" ಎಂದರು ನರಸಯ್ಯ. ಬೀಗರು ಎಲೆ ಬಿಟ್ಟೆದ್ದರೆ ಆ ಮಾತು ಅರ್ಪಿತಳ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಅವಳು ಬಾಗಿಲ ಬಳಿ ಸಾರಿನ ಪಾತ್ರೆ ಹಿಡಿದು ನಿಂತೇಬಿಟ್ಟಿದ್ದಳು.

ತಂಪು ಯಾಕೆ ಸೋರುತ್ತದೆಂದು ಬಿ.ಎಸ್ಸಿ. ಪಾಠ ಮಾಡಲು ಬಾಯಿ ತೆರೆದ ಚಲುವರಾಜು ತಕ್ಷಣ ಮುಚ್ಚಿಕೊಂಡ. ಎದ್ದ ಬೀಗರು ಪಾಠಕ್ಕೆ ಕೂರುವುದಿಲ್ಲ. ವೀಳ್ಯದ ತಟ್ಟೆ ಎತ್ತಿಕೊಂಡು, ಎಲೆ ಅಡಿಕೆಯ ಮೇಲೆ ಕೀಲಿ ಇಟ್ಟು, ನರಸಯ್ಯನವರ ಮುಂದೆ ಬಗ್ಗಿ ಹಿಡಿದ.

"ಮಾವ, ಬೀಗ ಆಕಿದ್ದು ನಿಮಗಲ್ಲ, ನಮ್ಮೋರ್ಗೆ. ಕುಳ್ಳಯ್ಯ ಚಿಕ್ಕಪ್ಪನ್ನೇ ಕೇಳಿ. ಮೊದ್ಲು ನೀವೇ ತೆಗೀಲಿ ಅಂತ ಕಾದೀವ್ನಿ."

ಕುಳ್ಳಯ್ಯ ಆಕಾಶ ನೋಡಿದ. ನರಸಯ್ಯ ತಟ್ಟೆ ನೋಡಿದರು, ಮೀಸೆ ಸವರಿದರು, ಕೀಲಿ ತೆಗೆದುಕೊಂಡರು. ಮುಚ್ಚಳ ಎತ್ತಿದಾಗ ತಣ್ಣನೆಯ ಗಾಳಿ ಅವರ ಮೀಸೆಗೆ ಬಡಿಯಿತು. ಚಲುವರಾಜು ಒಂದು ಬಾಟಲಿ ತೆಗೆದು ಲೋಟಕ್ಕೆ ಬಗ್ಗಿಸಿದ. ಲೋಟದ ಮೈ ಕೂಡಲೇ ಬೆವರಿತು. ಅವನ ಮೈ ಮೊದಲೇ ಬೆವರಿತ್ತು.

ನರಸಯ್ಯ ಗುಟುಕರಿಸಿದರು. ಬಾಯಲ್ಲಿ ಆಡಿಸಿದರು. ಲೋಟ ಹಿಡಿದು ಹಿತ್ತಲ ಕಡೆ ನಡೆದರು.

ಚಿಕ್ಕಬೋರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ಎಮ್ಮೆ ತಲೆಯೆತ್ತಿತು. ನರಸಯ್ಯ ಬಾನಿಯ ಮುಂದೆ ನಿಂತು, ಲೋಟವನ್ನು ತಮ್ಮ ಗಂಟಲಿಗೇ ಪೂರ್ತಿ ಬಗ್ಗಿಸಿ, ಖಾಲಿ ಲೋಟವನ್ನು ಎಮ್ಮೆಗೆ ತೋರಿಸಿ ಹೇಳಿದರು: "ಈ ಸಲ ನಿಂಗಿಲ್ಲ ಕಣವ್ವ."

ಅಂಗಳವೆಲ್ಲ ಗೊಳ್ಳೆಂದಿತು. "ಇನ್ನೊಂದ್ ಲೋಟ ಬುಡಪ್ಪಾ" ಎಂದು ಅವರು ಹಿಂದಿರುಗುವಾಗ ಚಿಕ್ಕಬೋರಮ್ಮ ದಾರಿಗಡ್ಡ ನಿಂತು, "ರಾಗಿ ನಮ್ದೇ ಕಣಣ್ಣ, ನಮ್ ಹೊಲದ್ದೇ" ಎಂದಳು.

ಆಮೇಲೆ ಪೆಟ್ಟಿಗೆಯ ಯಜಮಾನಿಕೆ ನರಸಯ್ಯನವರದೇ. ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಕೂತು, ಯಾರು ಬಂದರೂ ತಾವೇ ಬೀಗ ತೆಗೆದು ಕೊಟ್ಟು, "ಮುಚ್ರಲಾ ಬಿರ್ನೆ, ತಣ್ಪು ಓಯ್ತದೆ!" ಎಂದು ಗದರುತ್ತಿದ್ದರು. ಕುಳ್ಳಯ್ಯನಿಗೆ ಒಂದೇ ಲೋಟ ಸಿಕ್ಕಿತು.

ಮಾರನೆಯ ಬೆಳಿಗ್ಗೆ ಹೊಣಕೆರೆಯಿಂದ ಫೋನು. "ಚಲುವಪ್ಪಾ, ಬೀಗದ್ ಕೈ ನನ್ ಉಡಿದಾರ್ದಲ್ಲೇ ಉಳ್ಕಬುಡ್ತು ಕಣಪ್ಪ. ಬಸ್ಸಲ್ಲಿ ಕಳ್ಸ್‌ಬುಡ್ಲಾ?"

"ಬ್ಯಾಡ ಮಾವ. ಮುಂದಿನ್ ಸಲ ಇಳಿಸ್ದಾಗ ನೀವೇ ತನ್ನಿ."

"ಅಂಗಂತೀಯಾ? ಅಂಗೇ ಆಗ್ಲಿ ಬುಡು. ಯಾವಾಗಿಳಿಸ್ತೀಯ?"

ಫೋನಿಟ್ಟಾಗ ಅವ್ವ ಡ್ರಮ್ಮಿನಿಂದ ಮೊರಕ್ಕೆ ರಾಗಿ ಮೊಗೆಯುತ್ತಿದ್ದಳು. ಎರಡನೆಯ ಕೀಲಿ ಬೇಕರಿಯ ಗಲ್ಲಾದಲ್ಲಿದೆ ಎಂಬುದನ್ನು ಚಲುವರಾಜು ಅವಳಿಗೂ ಹೇಳಲಿಲ್ಲ. ಜಗುಲಿಯ ಮೇಲೆ ಪೆಟ್ಟಿಗೆ 'ಟಕ್' ಎಂದಿತು. ಈ ಸಲ ಅವನಲ್ಲ.