ಬಾಯಿ ತೆರೆಯದ ಎರಡು ಪ್ರಾಣಿಗಳು

ಇದು ಅಪ್ಪಟ ನಿಜ. ನಿಜ ಎಂದು ಶುರುವಾಗುವ ಕಥೆಗಳಲ್ಲಿ ಅರ್ಧಕ್ಕರ್ಧ ಸುಳ್ಳೇ ಇರುತ್ತದೆ ಎನ್ನುವವರಿಗೆ ಮೊದಲೇ ಹೇಳಿಬಿಡಬೇಕು: ಇದರಲ್ಲಿ ಸುಳ್ಳು ಹೇಳಿದವನು ಗಿಣಿ ಒಬ್ಬನೇ, ಅದೂ ಮಧ್ಯಾಹ್ನದ ಬಿಡುವಿನಲ್ಲಿ, ಸ್ವಂತ ಭಾವನಿಗೆ.

ಗಿಣಿಯ ಅಕ್ಕ ಹಲ್ಲಿನ ಡಾಕ್ಟರು. ಗಿಣಿ ಅವಳ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಫೋನು ಎತ್ತುವವನು. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಅವನ ಗಂಟಲಲ್ಲಿ ಬಿಡಾರ ಹೂಡುತ್ತಿದ್ದುದರಿಂದ ಆ ಹೆಸರು. ಹಲ್ಲು ಕೊರೆಯುವ ಯಂತ್ರದ ಸದ್ದನ್ನು ಅವನು ಮಾಡಿದರೆ, ಒಳಗೆ ಹೋಗಬೇಕಾದವರು ಎದ್ದು ಹೊರಗೆ ಹೋಗುತ್ತಿದ್ದರು. ಅಕ್ಕ ಆ ಒಂದು ಕಲೆಗೆ ನಿಷೇಧ ಹೇರಿದ್ದಳು.

ಕಾಯುವ ಮಕ್ಕಳು ಅಳದಿರಲಿ ಎಂದು ಅವಳೊಂದು ಡೈನೋಸಾರ್ ಬೇಟೆಯ ಆಟದ ಯಂತ್ರ ತರಿಸಿದ್ದಳು. ಬೀರುವಿನೆತ್ತರದ ಪೆಟ್ಟಿಗೆ, ಅದರಲ್ಲೊಂದು ಪರದೆ, ಮುಂದೆ ತಂತಿಗೆ ಕಟ್ಟಿದ ಎರಡು ಪ್ಲಾಸ್ಟಿಕ್ ಬಂದೂಕು. ಇಟ್ಟು ನೋಡಿ, ಬೇಡವಾದರೆ ವಾಪಸು ಎಂಬ ಮಾತಾಗಿತ್ತು. ನೋಡಿ ಹೇಳಬೇಕಾದವರು ಭಾವ. ಫ್ಯಾನ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದ ಅವರಿಗೆ, ದೋಷ ಸಿಗುವವರೆಗೆ ಲೋಕದ ಯಾವ ವಸ್ತುವೂ ಪೂರ್ತಿ ತಯಾರಾದಂತಲ್ಲ.

ಆದರೆ ದೊಡ್ಡ ದೋಷ ಅವರ ಬಾಯೊಳಗೇ ಇತ್ತು. ಕೆಲವು ದಿನಗಳಿಂದ ಬಲಗೆನ್ನೆ ಊದಿಕೊಂಡಿತ್ತು. ಒಮ್ಮೆ ಬಾಯಿ ತೆಗೆಯಿರಿ ಎಂದು ಅಕ್ಕ ಅಂಗಲಾಚಿದರೂ, ತಾನಾಗೇ ಹೋಗುತ್ತೆ ಎಂದು ತುಟಿಯ ಸಂದಿಯಿಂದಲೇ ಉತ್ತರ ಬರುತ್ತಿತ್ತು. ಕಂಡವರ ಬಾಯಿಗೆಲ್ಲ ಕೈ ಹಾಕುವವಳಿಗೆ ಗಂಡನ ಬಾಯಿ ಮಾತ್ರ ದಕ್ಕಿರಲಿಲ್ಲ. ಕೀವು ದವಡೆಯಿಂದ ಕುತ್ತಿಗೆಗಿಳಿದರೆ ಜೀವಕ್ಕೇ ಅಪಾಯ ಎಂದು ಹೇಳುತ್ತ ಅವಳು ತಮ್ಮನೆದುರು ಕಣ್ಣೊರೆಸಿಕೊಂಡಳು. ಅಕ್ಕನ ಅಳು ಗಿಣಿಗೆ ಹೊಸದು. ಅವನ ತಲೆ ಓಡತೊಡಗಿತು.

ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಭಾವ ಹಸಿರು ಬಂದೂಕು ಹಿಡಿದರು. ಗುಣಗಳನ್ನು ಅವರು ಧಾರಾಳವಾಗಿಯೇ ಒಪ್ಪಿಕೊಂಡರು. ಗುಂಡು ಹಾರಿದಾಗ ಬಂದೂಕು ಅಂಗೈಯನ್ನು ಒದೆಯುವುದು ಚೆಂದ. ಮೃಗ ಕಾಣುವ ಮೊದಲೇ ಅದರ ಹೆಜ್ಜೆ ನೆಲದಿಂದ ಕಾಲಿಗೆ ಬರುತ್ತದೆ, ಅದಂತೂ ಶಭಾಷ್. ಆಮೇಲೆ ದೋಷಗಳ ಸರದಿ. ಕೆಂಪು ಬಂದೂಕು ಬಲಕ್ಕೆ ಹಿಡಿದರೆ ಎಡಕ್ಕೆ ಹೊಡೆಯುತ್ತದೆ. ಸೊಪ್ಪು ತಿನ್ನುವ ಉದ್ದಕತ್ತಿನದು ಸುಮ್ಮಸುಮ್ಮನೆ ಮೈಮೇಲೆ ಬರುತ್ತದೆ. ಗುಂಡು ತುಂಬಲು ಪರದೆಯ ಆಚೆಗೆ ಹೊಡೆಯಬೇಕೆಂದು ಎಲ್ಲೂ ಬರೆದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೊನೆಯ ದೊಡ್ಡ ಮೃಗದ ಚರ್ಮಕ್ಕೆ ಗುಂಡು ನಾಟುವುದೇ ಇಲ್ಲ. ಹೊಡೆದರೆ ಬಾಯೊಳಗೇ ಹೊಡೆಯಬೇಕು. ಅದೋ, ಬಾಯಿ ಮುಚ್ಚಿಕೊಂಡೇ ಭಾವನನ್ನು ನುಂಗಿ ನೀರು ಕುಡಿಯುತ್ತಿತ್ತು.

ಭಾವ ಹೇಳದ ದೋಷವೊಂದು ಗಿಣಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮೊದಲು ಆಡಿ ಆಡಿ ಅವನಿಗೆ ಆಟ ಬಾಯಿಪಾಠವಾಗಿತ್ತು. ಆ ಮೃಗಕ್ಕೆ ಸ್ವಂತ ಬುದ್ಧಿಯಿಲ್ಲ. ಕಾಲು ಅಪ್ಪಳಿಸಿ, ಕತ್ತು ಹೊರಳಿಸಿದ ಮೇಲೆ ತಪ್ಪದೆ ಅರೆಗಳಿಗೆ ಬಾಯಿ ತೆರೆಯುತ್ತದೆ. ಎರಡೂ ಪ್ರಾಣಿಗಳಿಗೆ ಒಂದೇ ಮದ್ದು ಎಂದುಕೊಂಡ ಗಿಣಿ ಪರದೆಯ ಕೆಳಗಿನ ಸಣ್ಣ ತೂತುಗಳ ಕಡೆ ಬೆರಳು ಮಾಡಿದ.

"ಭಾವ, ಈ ತೂತುಗಳು ಯಾತಕ್ಕಿರಬಹುದು?"

ಭಾವ ಬಗ್ಗಿ ನೋಡಿದರು, ಬೆರಳಾಡಿಸಿದರು. ಗಾಳಿಗೆ ಇಷ್ಟು ಸಣ್ಣ ತೂತು ಯಾರೂ ಕೊರೆಯುವುದಿಲ್ಲ, ಇದು ನಮ್ಮ ದನಿ ಕೇಳಿಸಿಕೊಳ್ಳಲು ಎಂದು ತಾವೇ ತೀರ್ಮಾನ ಕೊಟ್ಟರು. ಗಿಣಿ ಅವರ ಜಾಣತನಕ್ಕೆ ತಲೆದೂಗಿ, ನಾನು ಕೂಗಿ ನೋಡಲಾ ಎಂದ. ಮೃಗ ಕತ್ತು ಹೊರಳಿಸಿತು. ಗಿಣಿ ಗೋಡೆ ನಡುಗುವಂತೆ ಗರ್ಜಿಸಿದ. ಮೃಗ ಬಾಯಿ ತೆರೆಯಿತು. ಭಾವನ ಕಣ್ಣೂ ತೆರೆಯಿತು.

ಅವರೂ ಪ್ರಯತ್ನಿಸಿದರು. ತುಟಿ ಬಿಗಿಹಿಡಿದು 'ಹ್ಞೂಂ' ಎಂದರು. ಗಿಣಿ ಬೇಕೆಂದೇ ಹೊತ್ತಿಗೆ ಮೊದಲು ಕೂಗಲು ಸನ್ನೆ ಮಾಡಿದ್ದ. ಮೃಗ ಕ್ಯಾರೇ ಎನ್ನಲಿಲ್ಲ.

"ಇಷ್ಟು ಸಣ್ಣಗೆ ಅಂದ್ರೆ ಅದು ನಿಮ್ಮನ್ನ ಸೊಳ್ಳೆ ಅಂದ್ಕೊಳ್ಳುತ್ತೆ ಭಾವ. ಗಂಟಲು ಕಾಣೋ ಹಾಗೆ ಕೂಗಿ. ನಾನು ಭುಜ ತಟ್ತೀನಿ."

ಅಷ್ಟರಲ್ಲಿ ಅಕ್ಕ ಬಂದು ಪಕ್ಕದಲ್ಲಿ ನಿಂತಳು. ಹಣೆಗೆ ದೀಪ ಕಟ್ಟಿಕೊಂಡು ಬಾ ಎಂದಷ್ಟೇ ಗಿಣಿ ಅವಳಿಗೆ ಹೇಳಿದ್ದ. ಊಟದ ಹೊತ್ತಿನಲ್ಲಿ ಹಣೆಗೆ ದೀಪವೇಕೆ ಎಂದು ಕೇಳುವ ಸ್ಥಿತಿಯಲ್ಲಿ ಭಾವ ಇರಲಿಲ್ಲ. ಭುಜಕ್ಕೆ ತಟ್ಟು ಬಿದ್ದದ್ದೇ, ನೋವನ್ನೂ ಸಿಟ್ಟನ್ನೂ ಒಟ್ಟುಮಾಡಿ, ಬಾಯನ್ನು ಗುಹೆಯಂತೆ ತೆರೆದು ಅಬ್ಬರಿಸಿದರು. ಮೃಗವೂ ತೆರೆಯಿತು. ಭಾವ ಅದರ ಬಾಯೊಳಗೆ ಗುಂಡಿಟ್ಟರು, ಅಕ್ಕ ಅವರ ಬಾಯೊಳಗೆ ಬೆಳಕಿಟ್ಟಳು.

"ಇನ್ನೊಂದ್ಸಲ ಕೂಗಿ ರೀ," ಎಂದಳು ಅವಳು. "ಸ್ವಲ್ಪ ಈ ಕಡೆ ತಿರುಗಿ."

ಭಾವ ಬಂದೂಕು ಇಳಿಸಿದರು. ಅವರು ಹೊಡೆಯುವುದನ್ನು ನಿಲ್ಲಿಸಿದ್ದಕ್ಕೆ ಆಟ ಮುಗಿಯಿತು, ಯಾರೂ ಆಡದಾಗ ಯಂತ್ರ ತನ್ನಷ್ಟಕ್ಕೆ ತೋರಿಸುವ ಮಾದರಿ ಆಟ ಶುರುವಾಯಿತು. ಗಿಣಿ ಇದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಪರದೆಯಲ್ಲಿ ಅದೇ ಮೃಗ ಕಾಲು ಅಪ್ಪಳಿಸಿತು, ಕತ್ತು ಹೊರಳಿಸಿತು, ಯಾರೂ ಕೂಗದೆಯೇ ಬಾಯಿ ತೆರೆಯಿತು.

ಭಾವ ಮೃಗವನ್ನು ನೋಡಿದರು, ಹೆಂಡತಿಯ ಹಣೆಯ ದೀಪವನ್ನು ನೋಡಿದರು, ಕೊನೆಗೆ ಗಿಣಿಯನ್ನು ನೋಡಿದರು. ಈಗ ಇವರು ಹೊರಟುಬಿಟ್ಟರೆ, ಆ ಬಾಯಿಯನ್ನು ಇನ್ನು ಕ್ರೇನ್ ತಂದರೂ ತೆರೆಸಲಾಗದು ಎಂದು ಗಿಣಿಗೆ ಗೊತ್ತಿತ್ತು.

ಅಕ್ಕ ಗಂಡನ ತೋಳು ಹಿಡಿದಳು. "ನಂಗೆ ತುಂಬ ಭಯ ಆಗಿದೆ ರೀ. ಒಳಗೆ ಬನ್ನಿ."

ಭಾವ ಬಂದೂಕನ್ನು ಅದರ ಜಾಗದಲ್ಲಿಟ್ಟರು.

"ಇಷ್ಟು ವರ್ಷ ತಪಾಸಣೆ ಮಾಡಿದ ನಾನು," ಎಂದರು, "ಒಂದು ಗಾಳಿ ತೂತಿನ ಮುಂದೆ ಬಾಯಿ ಬಡ್ಕೊಂಡೆನಲ್ಲೇ."

ನಗು ಮೊದಲು ಮೂಗಿನಲ್ಲಿ ಬುಸ್ಸೆಂದಿತು, ಆಮೇಲೆ ಹೊಟ್ಟೆ ಕುಲುಕಿತು. ಗಿಣಿ ನಕ್ಕ, ಅಕ್ಕ ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. ಆದರೆ ಭಾವನ ಅಬ್ಬರದ ಮುಂದೆ ಅವರಿಬ್ಬರದೂ ಬರೀ ಕೆಮ್ಮು. ಕೆನ್ನೆ ಹಿಡಿದುಕೊಂಡು, ನೋಯುತ್ತೆ ನಗಿಸಬೇಡಿ ಎಂದು ಯಾರೂ ನಗಿಸದಿದ್ದರೂ ಬೈಯುತ್ತ, ತಾವೇ ಒಳಗೆ ನಡೆದು ಕುರ್ಚಿಯ ಮೇಲೆ ಒರಗಿದರು. ನಗು ನಿಲ್ಲಲೆಂದು ಅಕ್ಕ ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಕಾದಳು. ನಿಲ್ಲುವ ಲಕ್ಷಣ ಕಾಣದೆ, ನಗುವಿನ ನಡುವೆಯೇ ಕನ್ನಡಿ ತೂರಿಸಿದಳು. ಭಾವನ 'ಹಾ ಹಾ' ಸಲೀಸಾಗಿ 'ಆ ಆ' ಆಯಿತು, ಕುರ್ಚಿ ಮಾತ್ರ ಇನ್ನೂ ಕುಲುಕುತ್ತಲೇ ಇತ್ತು.